ಸಂಶೋಧನಾ ಪತ್ರಿಕೆಗಳೂ ಮಲೆನಾಡಿನ ತೋಟಗಾರರೂ

ಮೂಡಿಗೆರೆ ತಾಲ್ಲೂಕಿನ ಗೋಣಿಬೀಡು ಹೋಬಳಿಯಲ್ಲಿ ಅರೇಬಿಕಾ ಕಾಫಿ ಬೆಳೆಯುವ ಯಜಮಾನರಿಗೆ ಎಲೆತುಕ್ಕಿನ ಪರಿಚಯವನ್ನು ಮಾಡಿಕೊಡಬೇಕಾದುದಿಲ್ಲ. ಆದರೆ ಈ ರೋಗದ ವಿಷಯದಲ್ಲಿ ನಮಗಿರುವ ತಿಳಿವಳಿಕೆಯು ಅಚ್ಚಾದ ಕಾಗದದ ಮೂಲಕ ಬಂದುದೆಂಬುದನ್ನು ಅನೇಕರು ಯೋಚಿಸಿರಲಾರರು. ಸಿಂಹಳದ ತೋಟಗಳನ್ನು ಹಾಳುಮಾಡಿದ ಈ ಬೂಷ್ಟನ್ನು 1869ರಲ್ಲಿ ಬರ್ಕಲಿ ಎಂಬ ಆಂಗ್ಲ ಪಂಡಿತನು ವರ್ಣಿಸಿದುದು ಇಂಗ್ಲೆಂಡಿನ ತೋಟಗಾರರ ವಾರಪತ್ರಿಕೆಯೊಂದರಲ್ಲಿ. ತರುವಾಯ, 1925ರಲ್ಲಿ ಬಾಳೆಹೊನ್ನೂರಿನಲ್ಲಿ ಸ್ಥಾಪಿತವಾದ ಮೈಸೂರು ಕಾಫಿ ಪ್ರಯೋಗ ಕ್ಷೇತ್ರದಲ್ಲಿದ್ದ ಮೇಯ್ನ್ ಎಂಬವರು, ತುಕ್ಕಿನಲ್ಲಿಯೇ ಬೇರೆ ಬೇರೆ ಪಂಗಡಗಳಿರುವುವೆಂದು ಕಂಡುಹಿಡಿದು, 1932ರಲ್ಲಿ ಲಂಡನ್ನಿನ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ರೋಗ ಹತ್ತದೆಂದು ನೆಚ್ಚಿ ನೆಟ್ಟ ಕೆಂಟ್ಸ್ ತಳಿಗೂ ತುಕ್ಕು ಬಂದುದೇಕೆಂಬುದು ಇದರಿಂದ ತಿಳಿಯಿತು. ಪ್ರಯೋಗ ಕ್ಷೇತ್ರವು ತನ್ನ ಬುಲೆಟಿನ್ನುಗಳಲ್ಲಿಯೂ ಈ ಕೆಲಸದ ವರದಿಯನ್ನು ಅಚ್ಚುಹಾಕಿಸಿತು. ಒಂದು ಪಂಡಿತರಿಗೆ, ಇನ್ನೊಂದು ಬೆಳೆಗಾರರಿಗೆ.

ಆ ಕಾಲದಲ್ಲಿ ವಿದ್ವತ್ಸಂಘಗಳು ಚಂದಾ ಹಣದಿಂದ ಪತ್ರಿಕೆಗಳನ್ನು ನಡೆಯಿಸುತ್ತಿದ್ದುವು. ಬೆಂಗಳೂರಿನಲ್ಲಿ 1932ರಲ್ಲಿ 'ಕರೆಂಟ್ ಸೈನ್ಸ್' ಆರಂಭವಾಯಿತು. 1934ರಲ್ಲಿ ಸರ್ ಸಿ. ವಿ. ರಾಮನ್ ಅವರು ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯು ತನ್ನ ಪತ್ರಿಕೆಯನ್ನು ಹೊರಡಿಸಿತು. ಓದುವವನು ಹಣ ಕೊಡುವನು, ಬರೆಯುವವನು ಕೊಡನು, ಇದೇ ಪದ್ಧತಿ. ಕ್ರಮೇಣ ಬಹಳ ಪತ್ರಿಕೆಗಳು ವಿದೇಶದ ಕೆಲವೇ ದೊಡ್ಡ ಪ್ರಕಾಶಕರ ಕೈಸೇರಿ ಚಂದಾ ವಿಪರೀತ ಏರಿತು. ಸಾರ್ವಜನಿಕರ ಹಣದಿಂದ ನಡೆದ ಪ್ರಯೋಗದ ಫಲವನ್ನು ಸಾರ್ವಜನಿಕರೇ ಮತ್ತೆ ಕ್ರಯಕ್ಕೆ ಕೊಳ್ಳಬೇಕೇ ಎಂಬ ಆಕ್ಷೇಪಣೆ ಹುಟ್ಟಿತು. ಆಗ ಕೆಲವರು ಪದ್ಧತಿಯನ್ನೇ ತಿರುಗಿಸಿದರು: ಓದುವವನಿಗೆ ಉಚಿತ, ಬರೆಯುವವನಿಗೆ ಶುಲ್ಕ. ಮೇಯ್ನ್ ಅವರು ಬರೆದ ಅದೇ 'ನೇಚರ್' 2021ರಿಂದ ಲೇಖನವೊಂದನ್ನು ಎಲ್ಲರಿಗೂ ತೆರೆದಿಡಲು 9,500 ಯೂರೋ ಗೊತ್ತುಮಾಡಿತು. ನಮ್ಮ ಕಡೆಯ ಸಂಶೋಧಕನಿಗೆ ಇದು ನಿಲುಕದ ಮಾತು.

ಬೆಂಗಳೂರಿನ ಅಕಾಡೆಮಿಯು ಅನುಸರಿಸಿದ ದಾರಿ ಹೆಚ್ಚು ವಿವೇಕದ್ದು. ಅದು 2007ರಲ್ಲಿ ಸ್ಪ್ರಿಂಗರ್ ಎಂಬ ವಿದೇಶೀ ಪ್ರಕಾಶಕರೊಡನೆ ಒಪ್ಪಂದ ಮಾಡಿಕೊಂಡರೂ, ತನ್ನ ಜಾಲತಾಣದಲ್ಲಿ ಲೇಖನಗಳನ್ನು ಉಚಿತವಾಗಿ ಓದುವ ಏರ್ಪಾಡನ್ನು ಬಿಟ್ಟುಕೊಡಲಿಲ್ಲ. ಭಾರತೀಯ ಕೃಷಿ ಅನುಸಂಧಾನ ಪರಿಷತ್ತೂ 2013ರಲ್ಲಿ ಮುಕ್ತ ಪ್ರಕಟಣೆಯ ನೀತಿಯನ್ನು ಅಂಗೀಕರಿಸಿತು. ಕೇಂದ್ರ ಸರ್ಕಾರವಾದರೋ 2024ರ ನವೆಂಬರ್ 25ರಂದು 'ಒಂದು ರಾಷ್ಟ್ರ, ಒಂದು ಚಂದಾ' ಎಂಬ ಯೋಜನೆಯನ್ನು ಮಂಜೂರುಮಾಡಿತು. 2025ರಿಂದ ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ. 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು. ಸರ್ಕಾರಿ ವಿದ್ಯಾಸಂಸ್ಥೆಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ಕೇಂದ್ರ ಸರ್ಕಾರದ ಸಂಶೋಧಕರೂ ಇವನ್ನು ಓದಬಹುದು. ತೋಟದ ಯಜಮಾನನಿಗೆ ಈ ಹಕ್ಕಿಲ್ಲ. ಇದ್ದರೂ ಇಂಗ್ಲಿಷಿನ ಆ ಬಿಗಿಯಾದ ಬರವಣಿಗೆಯಿಂದ ಅವನಿಗೆ ಆಗುವ ಪ್ರಯೋಜನ ಅಲ್ಪವೇ. ಆದಕಾರಣ ಮೂಡಿಗೆರೆಯ ತೋಟಗಾರಿಕಾ ಕಾಲೇಜಿನವರನ್ನು ಗ್ರಾಮದ ಮುಖಂಡರು ವರ್ಷಕ್ಕೊಮ್ಮೆಯಾದರೂ ಕರೆಯಿಸಿ, ಕಾಫಿ, ಮೆಣಸು, ಏಲಕ್ಕಿಗಳ ಮೇಲೆ ಹೊಸದಾಗಿ ಬಂದುದನ್ನು ಕನ್ನಡದಲ್ಲಿ ಹೇಳಿಸತಕ್ಕದ್ದು. ಇದು ಕೇಳಿ ಪಡೆಯಬೇಕಾದ ಸೌಕರ್ಯ. ತಾನಾಗಿ ಮನೆಬಾಗಿಲಿಗೆ ಬರುವುದಿಲ್ಲ.

ತಾನಾಗಿ ಬಾಗಿಲಿಗೆ ಬರುವುದು ಬೇರೊಂದಿದೆ. ಬರೆಯುವವನೇ ಹಣ ಕೊಡುವ ಪದ್ಧತಿ ಹಬ್ಬಿದಂತೆ, ಹಣ ಕೊಟ್ಟವನ ಲೇಖನವನ್ನು ತಜ್ಞರ ಪರೀಕ್ಷೆಯಿಲ್ಲದೆಯೇ ಅಚ್ಚುಹಾಕುವ ಕಳ್ಳ ಪತ್ರಿಕೆಗಳು ಹುಟ್ಟಿಕೊಂಡಿವೆ. ಬಿಳಿ ಕಾಂಡಕೊರಕಕ್ಕೆ ದಿವ್ಯೌಷಧವೆಂದು ಏಜೆಂಟನು ಡಬ್ಬಿಯೊಡನೆ ಇಂಥ ಲೇಖನವನ್ನು ತೋರಿಸಿದರೆ, ಅಚ್ಚಿನ ಅಂದಕ್ಕೆ ಮರುಳಾಗಿ ಸಾವಿರಾರು ರೂಪಾಯಿ ಸುರಿಯುವವರಿದ್ದಾರೆ. ಅಷ್ಟರಲ್ಲಿ ಹುಳು ಹಿಡಿದ ಗಿಡಗಳನ್ನು ಹುಡುಕಿ ಕಿತ್ತು ಸುಡುವ ಕೆಲಸ ಹಿಂದೆ ಬೀಳುವುದು. ಹುಳು ಪಕ್ಕದ ತೋಟಕ್ಕೂ ದಾಟುವುದು. ನಷ್ಟವು ಕೊಂಡವನೊಬ್ಬನದಲ್ಲ.

ಲೇಖನವನ್ನು ತೋರಿಸಿದವನನ್ನು ಕೇಳಬೇಕಾದುದು ಇಷ್ಟು. ಪ್ರಯೋಗ ಯಾವ ಊರಿನಲ್ಲಿ, ಎಷ್ಟು ಗಿಡಗಳ ಮೇಲೆ, ಎಷ್ಟು ವರ್ಷ ನಡೆಯಿತು? ಔಷಧ ಹಾಕದ ಗಿಡಗಳನ್ನು ಪಕ್ಕದಲ್ಲಿ ಬಿಟ್ಟು ಹೋಲಿಸಿದ್ದಾರೆಯೇ? ಖರ್ಚು ಕೊಟ್ಟವರು ಯಾರು? ಉತ್ತರ ತೊದಲಿದರೆ ಡಬ್ಬಿಯನ್ನು ಹಿಂದಕ್ಕೆ ಕಳುಹಿಸಬಹುದು. ಕಾಗದವನ್ನು ಮಾತ್ರ ಇಟ್ಟುಕೊಂಡು, ಅದರ ಹಿಂಬದಿಯಲ್ಲಿ ತಂದವನ ಹೆಸರು, ತಾರೀಖುಗಳನ್ನು ಬರೆದು, ಕಾಫಿ ಮಂಡಳಿಯ ವಿಸ್ತರಣಾಧಿಕಾರಿಗಳಿಗೆ ತೋರಿಸತಕ್ಕದ್ದು.