ಹಳೆಯ ಟ್ರಾಲ್ ಬೋಟು ಕೊಳ್ಳುವ ಮುನ್ನ

ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ ನಿಷೇಧವಿರುತ್ತದೆ. ಮಲ್ಪೆ, ಮಂಗಳೂರುಗಳಲ್ಲಿ ದುರಸ್ತಿಗಾಗಿ ಬೋಟುಗಳು ದಡವೇರುವ ಈ ಅವಧಿಯೇ ಹಳೆಯ ಬೋಟನ್ನು ಪರೀಕ್ಷಿಸಲು ಪ್ರಶಸ್ತ ಕಾಲ. ಹೊಸ ಬಣ್ಣ ಬೀಳುವ ಮೊದಲೇ ನೋಡುವುದು ಲೇಸು.

ಉಕ್ಕಿನ ಬೋಟಾದರೆ ತಳದ ತಗಡಿನ ದಪ್ಪವನ್ನು ಅಲ್ಟ್ರಾಸಾನಿಕ್ ಮಾಪಕದಿಂದ ಹಲವೆಡೆ ಅಳೆಯಿಸಬೇಕು. ತಳಕ್ಕೆ ಜೋಡಿಸಿದ ಸತುವಿನ ತುಂಡುಗಳು ಪೂರ್ತಿ ಸವೆದಿದ್ದರೆ ಉಪ್ಪುನೀರು ಉಕ್ಕನ್ನೇ ತಿನ್ನತೊಡಗಿರುವ ಸಂಭವವುಂಟು. ಪ್ರೊಪೆಲ್ಲರ್ ದಂಡದ ಸಡಿಲಿಕೆಯನ್ನೂ ದಡದಲ್ಲಿಯೇ ಗಮನಿಸಬೇಕು.

ಬೋಟು ನೀರಿಗಿಳಿದ ಬಳಿಕ, ಎಂಜಿನ್ ತಣ್ಣಗಿರುವಾಗಲೇ ಚಾಲನೆ ಮಾಡಿಸಬೇಕು. ಬಿಸಿಯಾದ ಮೇಲೂ ನಿಲ್ಲದ ನೀಲಿ ಹೊಗೆ ಎಣ್ಣೆ ಉರಿಯುತ್ತಿರುವುದರ ಲಕ್ಷಣ. ಗೇರ್ ಪೆಟ್ಟಿಗೆ, ಬಲೆ ಎಳೆಯುವ ವಿಂಚ್‌ಗಳನ್ನು ಭಾರ ಹೇರಿಯೇ ಪರೀಕ್ಷಿಸುವುದು ಸೂಕ್ತ. ಬಾಕಿ ಹಣವನ್ನು ಈ ಪರೀಕ್ಷೆಯ ನಂತರವೇ ಸಂದಾಯ ಮಾಡುವ ಷರತ್ತು ಕರಾರಿನಲ್ಲಿರಲಿ.

ಜಿಪಿಎಸ್, ಫಿಶ್ ಫೈಂಡರ್‌ಗಳನ್ನು ತೋರಿಸಿ ಮಾರಾಟಗಾರರು ಬೆಲೆ ಏರಿಸುವುದುಂಟು. ಇವನ್ನು ಮುಂದೆ ಬದಲಿಸಬಹುದು. ಸವೆದ ತಳವನ್ನು ಸುಲಭವಾಗಿ ಬದಲಿಸಲಾಗದು. ಆದರೆ ವಿಎಚ್ಎಫ್ ರೇಡಿಯೋ, ಜೀವರಕ್ಷಕ ಕವಚಗಳ ವಿಷಯದಲ್ಲಿ ರಾಜಿ ಸಲ್ಲದು. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ತೆರಳಿದ್ದ ‘ಸುವರ್ಣ ತ್ರಿಭುಜ’ 7 ಮೀನುಗಾರರೊಡನೆ ಕಣ್ಮರೆಯಾಯಿತು. ಅವಶೇಷ ಪತ್ತೆಯಾದದ್ದು 2019ರ ಮೇ ತಿಂಗಳಲ್ಲಿ.

ಕೊನೆಯದಾಗಿ, ನೋಂದಣಿ ಪತ್ರದಲ್ಲಿನ ಎಂಜಿನ್ ಸಂಖ್ಯೆ, ಮೀನುಗಾರಿಕೆ ಪರವಾನಗಿ, ಬ್ಯಾಂಕಿನ ಋಣಮುಕ್ತ ಪತ್ರಗಳನ್ನು ತಾಳೆ ನೋಡದೆ ಮುಂಗಡ ಕೊಡಬಾರದು. ಬೋಟಿನೊಡನೆ ಅದರ ಸಾಲವನ್ನೂ ಕೊಂಡವರಿಗೆ ಸಮುದ್ರ ಎಷ್ಟು ಮೀನು ಕೊಟ್ಟರೂ ಸಾಲದು.