ಹೆರಿಗೆ ಸೌಲಭ್ಯ: ಕಾನೂನು ಬೆಳೆದು ಬಂದ ಬಗೆ ಮತ್ತು ಮಹಿಳಾ ಕಾರ್ಮಿಕರ ಹಕ್ಕು

ಹೆರಿಗೆ ಸೌಲಭ್ಯವು ಮಾಲೀಕರು ದಯೆಯಿಂದ ನೀಡುವ ರಜೆಯಲ್ಲ. ಕಾನೂನಿನ ಮೂಲಕ ಲಭಿಸಿರುವ ಹಕ್ಕು. ಖಾನಾಪುರ ತಾಲ್ಲೂಕಿನ ಗುಂಜಿ ಮುಂತಾದ ಗ್ರಾಮಗಳಿಂದ ಬೆಳಗಾವಿಯ ಉದ್ಯಮಬಾಗ್ ಹಾಗೂ ಸುತ್ತಮುತ್ತಲ ಘಟಕಗಳಿಗೆ ಕೆಲಸಕ್ಕೆ ತೆರಳುವ ಮಹಿಳೆಯರು ಅರ್ಜಿ ಸಲ್ಲಿಸುವ ಮುನ್ನ ಈ ಹಕ್ಕಿನ ಹಿನ್ನೆಲೆಯನ್ನು ಅರಿಯುವುದು ಉಪಯುಕ್ತ.

19ನೇ ಶತಮಾನದ ಕೊನೆಯ ದಶಕಗಳಲ್ಲಿ ಅಂದಿನ ಮುಂಬಯಿ ಪ್ರಾಂತ್ಯದಲ್ಲಿ ಹತ್ತಿ ಗಿರಣಿಗಳು ಶೀಘ್ರಗತಿಯಲ್ಲಿ ಹೆಚ್ಚಿದವು. ಅದೇ ಪ್ರಾಂತ್ಯಕ್ಕೆ ಸೇರಿದ್ದ ಬೆಳಗಾವಿ ಜಿಲ್ಲೆಯಲ್ಲಿ ಘಟಪ್ರಭಾ ನದಿಯ ಜಲಶಕ್ತಿಯನ್ನು ಬಳಸಿಕೊಂಡು ಗೋಕಾಕ ಜಲಪಾತದ ಬಳಿ ಗಿರಣಿ ಸ್ಥಾಪನೆಯಾಯಿತು. ಹೊಲಗದ್ದೆಗಳಲ್ಲಿ ಋತುಮಾನಕ್ಕೆ ತಕ್ಕಂತೆ ದುಡಿಯುತ್ತಿದ್ದ ಹೆಣ್ಣುಮಕ್ಕಳಿಗೆ ಗಂಟೆಯ ಲೆಕ್ಕದ ದುಡಿಮೆ ಹೊಸದಾಗಿತ್ತು. 1881ರ ಕಾರ್ಖಾನೆ ಕಾಯಿದೆಯು ಮಕ್ಕಳ ದುಡಿಮೆಗೆ ಮಾತ್ರ ಮಿತಿ ಹಾಕಿತ್ತು. 1891ರ ಕಾಯಿದೆಯು ಮಹಿಳೆಯರ ಕೆಲಸವನ್ನು ದಿನಕ್ಕೆ 11 ಗಂಟೆಗಳಿಗೆ ಸೀಮಿತಗೊಳಿಸಿತು. ಹನ್ನೊಂದು ಗಂಟೆ ಎಂಬುದೇ ಅಂದಿಗೆ ಸುಧಾರಣೆಯಾಗಿತ್ತು ಎಂಬುದನ್ನು ಗಮನಿಸಬೇಕು. ಹೆರಿಗೆಯ ವಿಷಯದಲ್ಲಿ ಆ ಕಾಯಿದೆ ಏನನ್ನೂ ಹೇಳಲಿಲ್ಲ.

1919ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ಹೆರಿಗೆ ರಕ್ಷಣೆಯ ಒಡಂಬಡಿಕೆಯನ್ನು ಅಂಗೀಕರಿಸಿತು. ಕಾರ್ಮಿಕ ನಾಯಕ ಎನ್.ಎಂ. ಜೋಶಿ ಅವರು 1924ರಲ್ಲಿ ಕೇಂದ್ರ ಶಾಸನಸಭೆಯಲ್ಲಿ ತಂದ ಹೆರಿಗೆ ಸೌಲಭ್ಯ ಮಸೂದೆಗೆ ಅಂಗೀಕಾರ ದೊರೆಯಲಿಲ್ಲ. 1928ರಲ್ಲಿ ಇದೇ ವಿಷಯವು ಮುಂಬಯಿ ಶಾಸನ ಪರಿಷತ್ತಿನ ಮುಂದೆ ಬಂದಾಗ ಡಾ. ಬಿ.ಆರ್. ಅಂಬೇಡ್ಕರ್ ಅವರು ಮಸೂದೆಯನ್ನು ಬೆಂಬಲಿಸಿ ಮಾತನಾಡಿದರು. ತಾಯಿಗೆ ಹೆರಿಗೆಗೆ ಮುನ್ನ ಮತ್ತು ಅನಂತರ ವಿಶ್ರಾಂತಿ ದೊರೆಯುವುದು ರಾಷ್ಟ್ರದ ಹಿತಕ್ಕೆ ಅಗತ್ಯವಾದುದರಿಂದ ವೆಚ್ಚದ ಹೊಣೆಯಲ್ಲಿ ಸರ್ಕಾರಕ್ಕೂ ಪಾಲಿರಬೇಕು. ಮಹಿಳೆಯರ ದುಡಿಮೆಯಿಂದ ಲಾಭ ಪಡೆಯುವ ಮಾಲೀಕರೂ ತಮ್ಮ ಪಾಲನ್ನು ಹೊರಬೇಕು ಎಂಬುದು ಅವರ ವಾದವಾಗಿತ್ತು. 1929ರಲ್ಲಿ ಮುಂಬಯಿ ಹೆರಿಗೆ ಸೌಲಭ್ಯ ಕಾಯಿದೆ ಜಾರಿಯಾಯಿತು. ಈ ಬಗೆಯ ಕಾಯಿದೆ ದೇಶದಲ್ಲಿ ಅದೇ ಮೊದಲನೆಯದು. ಮೈಸೂರು ಸಂಸ್ಥಾನದಲ್ಲಿ ಇಂತಹ ಕಾಯಿದೆ ಬಂದುದು 1937ರಲ್ಲಿ.

ಪೂರ್ಣ ವೆಚ್ಚವನ್ನು ಮಾಲೀಕರೇ ಭರಿಸಬೇಕಾದಾಗ ಗರ್ಭಿಣಿಯರನ್ನು ಕೆಲಸದಿಂದ ಬಿಡಿಸುವ ಪ್ರವೃತ್ತಿ ಕಂಡುಬಂದಿತು. ಈ ತೊಡಕು ಇಂದಿಗೂ ಸಂಪೂರ್ಣವಾಗಿ ನಿವಾರಣೆಯಾಗಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕಾಗುತ್ತದೆ. 1948ರ ಕಾರ್ಮಿಕರ ರಾಜ್ಯ ವಿಮಾ ಅಧಿನಿಯಮವು ಮಾಲೀಕರು ಮತ್ತು ಕಾರ್ಮಿಕರ ವಂತಿಕೆಯಿಂದ ರೂಪಿತವಾದ ನಿಧಿಯಿಂದ ಹೆರಿಗೆ ಭತ್ಯೆ ನೀಡುವ ಮಾರ್ಗವನ್ನು ತೆರೆಯಿತು. ವಿಮೆಯ ವ್ಯಾಪ್ತಿಗೆ ಬಾರದವರಿಗಾಗಿ 1961ರ ಹೆರಿಗೆ ಸೌಲಭ್ಯ ಅಧಿನಿಯಮ ಬಂದಿತು. ಅದರಲ್ಲಿದ್ದ 12 ವಾರಗಳ ಅವಧಿಯನ್ನು 2017ರ ತಿದ್ದುಪಡಿಯು 26 ವಾರಗಳಿಗೆ ವಿಸ್ತರಿಸಿತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆ, 2020ರಲ್ಲಿ ಈ ಎರಡೂ ಅಧಿನಿಯಮಗಳ ವಿಷಯಗಳು ಅಡಕವಾಗಿವೆ.

ಅರ್ಜಿದಾರರ ಗಮನಕ್ಕೆ

ನಿರೀಕ್ಷಿತ ಹೆರಿಗೆಯ ದಿನಾಂಕಕ್ಕೆ ಹಿಂದಿನ 12 ತಿಂಗಳಲ್ಲಿ ಕನಿಷ್ಠ 80 ದಿನ ಸದರಿ ಸಂಸ್ಥೆಯಲ್ಲಿ ಕೆಲಸ ಮಾಡಿದ ಮಹಿಳೆಯು ಸರಾಸರಿ ದಿನಗೂಲಿಯ ದರದಲ್ಲಿ 26 ವಾರಗಳ ಸೌಲಭ್ಯಕ್ಕೆ ಅರ್ಹಳು. ಇದರಲ್ಲಿ ಗರಿಷ್ಠ 8 ವಾರಗಳನ್ನು ಹೆರಿಗೆಗೆ ಮುನ್ನ ಪಡೆಯಬಹುದು. ಈಗಾಗಲೇ ಇಬ್ಬರು ಅಥವಾ ಹೆಚ್ಚು ಮಕ್ಕಳಿದ್ದಲ್ಲಿ ಅವಧಿಯು 12 ವಾರಗಳು. ಗರ್ಭಪಾತವಾದಲ್ಲಿ 6 ವಾರಗಳ ಸವೇತನ ರಜೆ ಉಂಟು. ಈ ಅವಧಿಯಲ್ಲಿ ಗೈರುಹಾಜರಿಯ ಕಾರಣ ನೀಡಿ ಕೆಲಸದಿಂದ ತೆಗೆಯುವುದು ಕಾನೂನುಬಾಹಿರ.

ಮಾಲೀಕರಿಗೆ ಲಿಖಿತ ಸೂಚನೆಯನ್ನು ಹೆರಿಗೆಗೆ ಮುನ್ನವೇ ನೀಡುವುದು ಉತ್ತಮ. ಮುನ್ನ ನೀಡಲಾಗದಿದ್ದಲ್ಲಿ ಹೆರಿಗೆಯ ನಂತರ ಸಾಧ್ಯವಾದಷ್ಟು ಬೇಗ ನೀಡಬಹುದು; ತಡವಾಯಿತೆಂಬ ಒಂದೇ ಕಾರಣದಿಂದ ಹಕ್ಕು ನಷ್ಟವಾಗುವುದಿಲ್ಲ. ಗರ್ಭಧಾರಣೆಯ ವೈದ್ಯಕೀಯ ಪುರಾವೆ ಸಲ್ಲಿಸಿದಾಗ ಹೆರಿಗೆಪೂರ್ವ ಅವಧಿಯ ಹಣವನ್ನು ಮುಂಗಡವಾಗಿಯೂ, ಹೆರಿಗೆಯ ಪುರಾವೆ ಸಲ್ಲಿಸಿದ 48 ಗಂಟೆಗಳೊಳಗೆ ಉಳಿದ ಅವಧಿಯ ಹಣವನ್ನೂ ಪಾವತಿಸತಕ್ಕದ್ದು. ಕಾರ್ಮಿಕರ ರಾಜ್ಯ ವಿಮೆಗೆ ಒಳಪಟ್ಟವರು ಮಾಲೀಕರ ಬದಲಿಗೆ ವಿಮಾ ನಿಗಮದ ಶಾಖಾ ಕಚೇರಿಗೆ ಅರ್ಜಿ ಸಲ್ಲಿಸಬೇಕು. ವಂತಿಕೆಯ ಷರತ್ತುಗಳು ಅಲ್ಲಿ ಪ್ರತ್ಯೇಕವಾಗಿವೆ.

ಕಟ್ಟಡ ಕೆಲಸದಲ್ಲಿರುವ ಮಹಿಳೆಯರು ಕರ್ನಾಟಕ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿಯಾಗಿದ್ದಲ್ಲಿ ಮಂಡಳಿಯ ಹೆರಿಗೆ ಸಹಾಯಧನಕ್ಕೆ ಅರ್ಜಿ ಸಲ್ಲಿಸಬಹುದು. ಮಾಲೀಕರು ಸೌಲಭ್ಯ ನಿರಾಕರಿಸಿದಲ್ಲಿ ಕಾರ್ಮಿಕ ಇಲಾಖೆಯ ಸ್ಥಳೀಯ ಕಚೇರಿಗೆ ಲಿಖಿತ ದೂರು ನೀಡಬಹುದಾಗಿದ್ದು, ದೂರಿನೊಂದಿಗೆ ಹಾಜರಾತಿ ಅಥವಾ ವೇತನ ಪಾವತಿಯ ಯಾವುದಾದರೂ ದಾಖಲೆಯ ಪ್ರತಿಯನ್ನು ಲಗತ್ತಿಸಿ, ಸ್ವೀಕೃತಿಯನ್ನು ಪಡೆದು ಇಟ್ಟುಕೊಳ್ಳತಕ್ಕದ್ದು.