ನೇತ್ರಾಣಿಯಲ್ಲಿ ಆಂಡರ್ಸನ್‌ಪೇಟೆ

ದಡ ಬಿಟ್ಟು ಬಹಳ ಹೊತ್ತಾದರೂ ಮುರುಡೇಶ್ವರದ ಶಿವ ಕಣ್ಣಿಂದ ಮರೆಯಾಗುವುದಿಲ್ಲ. ಕಂದುಕಗಿರಿಯ ಮೇಲಿನ 123 ಅಡಿಯ ವಿಗ್ರಹ, ಪಕ್ಕದಲ್ಲಿ 20 ಅಂತಸ್ತಿನ ರಾಜಗೋಪುರ, ಅವೆರಡರ ಹಿಂದೆ ಸಹ್ಯಾದ್ರಿಯ ನೀಲಿ ಸಾಲು. ದೋಣಿ ಪಡುವಣಕ್ಕೆ ಸಾಗಿದಂತೆ ಮೊದಲು ಗೋಪುರದ ಕೆತ್ತನೆ ಅಳಿಸುತ್ತದೆ, ಆಮೇಲೆ ಶಿವನ ತೋಳುಗಳು, ಕೊನೆಗೆ ಬೆಟ್ಟಸಾಲೊಂದೇ ಉಳಿಯುತ್ತದೆ. ಕೆಸರುಹಸಿರಾಗಿದ್ದ ನೀರು ತಿಳಿಹಸಿರಾಗಿ, ಇದ್ದಕ್ಕಿದ್ದಂತೆ ದಟ್ಟ ನೀಲಿಯಾಗುತ್ತದೆ. ಡೀಸೆಲ್ ಹೊಗೆ, ಉಪ್ಪುಗಾಳಿ, ಒದ್ದೆ ರಬ್ಬರ್ ಉಡುಪಿನ ವಾಸನೆ ಒಟ್ಟಾಗಿ ಮೂಗಿಗೆ ಬಡಿಯುತ್ತಿವೆ. ಹಗ್ಗದಲ್ಲಿ ಬಿಗಿದು ಸಾಲಾಗಿ ನಿಲ್ಲಿಸಿದ ಸಿಲಿಂಡರುಗಳು ಅಲೆಗೊಮ್ಮೆ ಒಂದಕ್ಕೊಂದು ತಾಗಿ ಠಣ್ ಎನ್ನುತ್ತಿವೆ.

ದೋಣಿಯ ಅಂಚಿನ ಹಲಗೆಯ ಮೇಲೆ ಕೂತವರು ಕೋಲಾರ ಚಿನ್ನದ ಗಣಿ ಸೀಮೆಯ ನಮ್ಮೂರಿನ ಹುಡುಗ ಹುಡುಗಿಯರು. ಆಂಡರ್ಸನ್‌ಪೇಟೆಯವರು. ಒಬ್ಬಳು ತಲೆ ತಗ್ಗಿಸಿ ನಿಂಬೆಹಣ್ಣು ಮೂಸುತ್ತಿದ್ದಾಳೆ. ಇನ್ನೊಬ್ಬ ಎದುರಿನ ದಿಗಂತದಿಂದ ಕಣ್ಣು ಕೀಳುತ್ತಿಲ್ಲ, ಹಾಗೆ ನೋಡುತ್ತಿದ್ದರೆ ಹೊಟ್ಟೆ ತೊಳಸುವುದಿಲ್ಲವೆಂದು ದೋಣಿಯವರು ಹೇಳಿಕೊಟ್ಟಿದ್ದಾರೆ. ಮಾರಿಕುಪ್ಪಂನಿಂದ ನಸುಕಿಗೇ ಹೊರಡುವ ರೈಲು ಹತ್ತಿ, ಬಂಗಾರಪೇಟೆ ದಾಟಿ ಬೆಂಗಳೂರಿನ ಅಂಗಡಿ, ಗೋದಾಮು, ಕಚೇರಿಗಳಿಗೆ ದುಡಿಯಲು ಹೋಗಿ, ರಾತ್ರಿ ಊಟದ ಹೊತ್ತಿಗೆ ಮನೆ ಸೇರುವ ಸಾವಿರಾರು ಜನರಲ್ಲಿ ಇವರೂ ಸೇರಿದ್ದಾರೆ. ಭಾರತ್ ಗೋಲ್ಡ್ ಮೈನ್ಸ್ 2001ರ ಫೆಬ್ರವರಿ 28ರಂದು ಬಾಗಿಲು ಹಾಕಿತು. ಕಾರ್ಮಿಕರನ್ನು ಹೊತ್ತ ಗಣಿಯ ಕೇಜ್ ಇಳಿಯುವುದನ್ನು ಇವರಲ್ಲಿ ಯಾರೂ ಕಂಡಿಲ್ಲ. ಕಂಡಿರುವುದು ಬೀಗ ಬಿದ್ದ ಶಾಫ್ಟ್, ತುಕ್ಕು ಹಿಡಿದ ರಾಟೆಗೋಪುರ ಮತ್ತು ಗಾಳಿ ಬೀಸಿದಾಗಲೆಲ್ಲ ಮನೆಯೊಳಗೆ ಧೂಳು ಸುರಿಯುವ ಸೈನೈಡ್ ದಿಬ್ಬಗಳನ್ನು. ತಿಂಗಳ ಸಂಬಳದಲ್ಲಿ ಒಂದಿಷ್ಟು ತೆಗೆದಿಟ್ಟು, ಬೈಯಪ್ಪನಹಳ್ಳಿಯ ಟರ್ಮಿನಲ್‌ನಿಂದ ರಾತ್ರಿ ರೈಲು ಹಿಡಿದು, ಘಟ್ಟ ಇಳಿದು ಇವರು ಇಲ್ಲಿಗೆ ಬಂದಿರುವುದು ಸ್ಕೂಬಾ ಡೈವಿಂಗಿಗಾಗಿ. ನನ್ನನ್ನೂ ಕರೆತಂದಿದ್ದಾರೆ.

ಈ ದೋಣಿಯಲ್ಲಿರುವ ನಮ್ಮೂರಿನವರಲ್ಲಿ ಒಬ್ಬರಿಗೂ ಈಜು ಬಾರದು. ಅದಕ್ಕೆ ಯಾರನ್ನೂ ದೂರುವಂತಿಲ್ಲ. ವರ್ಷವಿಡೀ ಹರಿಯುವ ಒಂದು ನದಿಯೂ ಕೋಲಾರ ಜಿಲ್ಲೆಗಿಲ್ಲ. ಪಾಲಾರ್ ಇದೆ, ಮಳೆ ಬಂದಾಗ ಮಾತ್ರ. ಅದಕ್ಕೆ ಅಡ್ಡಲಾಗಿ ಕಟ್ಟಿದ ಬೇತಮಂಗಲದ ಕೆರೆಯಿಂದಲೇ ಗಣಿಯ ಊರುಗಳಿಗೆಲ್ಲ ಕುಡಿಯುವ ನೀರು ಬರುತ್ತಿತ್ತು. ನಮ್ಮಪ್ಪನ ಕಾಲದ ಹುಡುಗರು ಹೊಲದ ಬಾವಿಗಳಲ್ಲಿ ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿಯುತ್ತಿದ್ದರಂತೆ. ಆ ಬಾವಿಗಳು ಬತ್ತಿ ಹೋದವು, ಕೊಳವೆಬಾವಿಗಳು ಸಾವಿರ ಅಡಿ ದಾಟಿದವು. ಆರಿಂಚಿನ ಕೊಳವೆಯಲ್ಲಿ ಯಾವ ಮಗು ಈಜು ಕಲಿತೀತು? ಬಿಂದಿಗೆ ಲೆಕ್ಕದಲ್ಲಿ ನೀರು ಹಿಡಿದು ಬೆಳೆದ ಮಕ್ಕಳು ಈಗ ನಾಲ್ಕು ದಿಕ್ಕಿಗೂ ನೀರೇ ಇರುವ ಕಡೆ ತುಟಿ ಬಿಗಿಹಿಡಿದು ಕೂತಿದ್ದಾರೆ.

ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ಮುಟ್ಟಲು ಒಂದೂವರೆ ತಾಸು ಬೇಕು. ಮೊದಲು ಕಾಣುವುದು ನೀರಿನಿಂದ ನೇರ ಮೇಲೆದ್ದ ಬಂಡೆ, ಅದರ ನೆತ್ತಿಯ ಮೇಲೆ ಕುರುಚಲು ಹಸಿರು. ಹತ್ತಿರ ಹೋದಂತೆ ಬಂಡೆಯ ಬುಡದಲ್ಲಿ ಅಲೆ ಕೊರೆದ ಗವಿಗಳು ಬಾಯಿ ತೆರೆಯುತ್ತವೆ. ಅವುಗಳಿಂದ ಪಾರಿವಾಳಗಳು ಗುಂಪಾಗಿ ಹೊರಬೀಳುತ್ತವೆ. ಇದಕ್ಕೆ ಪಾರಿವಾಳ ಗುಡ್ಡ ಎಂಬ ಹೆಸರು ಬಂದದ್ದು ಹೀಗೆ. ಮೇಲೆ ಬಿಳಿಹೊಟ್ಟೆಯ ಕಡಲಹದ್ದು ರೆಕ್ಕೆ ಅಲುಗಿಸದೆ ಸುತ್ತುತ್ತಿದೆ. ಆಕಾಶದಿಂದ ನೋಡಿದರೆ ಈ ದ್ವೀಪ ಹೃದಯದ ಆಕಾರದಲ್ಲಿ ಕಾಣುತ್ತದೆ. ದೋಣಿ ಬಂಡೆಯ ಮರೆಗೆ ಬಂದು ಲಂಗರು ಇಳಿಸಿತು. ಎಂಜಿನ್ ನಿಂತಿತು. ಪುನೀತ್ ರಾಜ್‌ಕುಮಾರ್ ‘ಗಂಧದಗುಡಿ’ಗಾಗಿ ಇಳಿದದ್ದು ಇಲ್ಲೇ ಎಂದು ದೋಣಿಯವರೊಬ್ಬರು ನೀರಿನತ್ತ ಕೈ ತೋರಿಸಿದರು. ಹುಡುಗರು ಒಟ್ಟಾಗಿ ಆ ಬದಿಗೆ ವಾಲಿದರು, ದೋಣಿಯೂ ವಾಲಿತು.

ಮುಳುಗಿಸುವ ಗುರು ಈ ಕರಾವಳಿಯವರೇ. ಬಿಸಿಲಿಗೆ ತಾಮ್ರವಾದ ಮುಖ, ಸಮಾಧಾನದ ದನಿ. ಮುಂಚೆಯೇ ಮೊಣಕಾಲುದ್ದದ ನೀರಿನಲ್ಲಿ ನಿಲ್ಲಿಸಿ ಪಾಠ ಮಾಡಿದ್ದರು. ಈಗ ಮತ್ತೊಮ್ಮೆ ಮಾಡಿದರು. ‘ಹೆದರ್ಬೇಡಿ ಮಾರಾಯ್ರೆ. ಮೂಗು ಮರೆತುಬಿಡಿ, ಬಾಯಲ್ಲೇ ಉಸಿರಾಡಿ. ಉಸಿರು ಮಾತ್ರ ಕಟ್ಟಬೇಡಿ.’

‘ಅಣ್ಣಾ, ಮಾಸ್ಕ್ ಒಳಗೆ ನೀರು ಬಂದ್ರೆ?’

‘ಮೇಲಿನ ಅಂಚು ಒತ್ತಿ ಹಿಡ್ಕೊಂಡು ಮೂಗಿನಿಂದ ಜೋರಾಗಿ ಊದು ತಂಗಿ, ತಾನಾಗೇ ಹೋಗ್ತದೆ.’

ಬೆರಳು ಹೆಬ್ಬೆರಳು ಸೇರಿಸಿ ಸೊನ್ನೆ ಮಾಡಿದರೆ ಎಲ್ಲ ಸರಿ. ಅಂಗೈ ಅಡ್ಡ ಹಿಡಿದು ಅಲುಗಿಸಿದರೆ ಏನೋ ಸರಿಯಿಲ್ಲ. ಹೆಬ್ಬೆರಳು ಮೇಲೆತ್ತಿದರೆ ಚೆನ್ನಾಗಿದೆ ಎಂದಲ್ಲ, ನನ್ನನ್ನು ಮೇಲಕ್ಕೆ ಕರೆದುಕೊಂಡು ಹೋಗು ಎಂದರ್ಥ. ನೀರೊಳಗೆ ಮಾತಿಲ್ಲ, ಅಲ್ಲಿ ಜೀವ ಕಾಯುವುದು ಈ ಮೂರು ಸನ್ನೆ.

ಬೆನ್ನಿಗೆ ಸಿಲಿಂಡರ್ ಏರಿದಾಗ ಸೊಂಟ ಜಗ್ಗಿತು. ಅದರೊಳಗಿರುವುದು ಆಮ್ಲಜನಕವೆಂದು ನಮ್ಮವರೆಲ್ಲ ಎಣಿಸಿದ್ದರು. ಅಲ್ಲ, ನಾವು ದಿನವೂ ಉಸಿರಾಡುವ ಗಾಳಿಯನ್ನೇ ಸುಮಾರು 200 ಪಟ್ಟು ಒತ್ತಡದಲ್ಲಿ ತುಂಬಿರುತ್ತಾರೆ. ಬಾಯಿಗೆ ಕಚ್ಚಿಕೊಳ್ಳುವ ರೆಗ್ಯುಲೇಟರ್, ನಾವು ಎಳೆದಾಗ ಮಾತ್ರ, ಆ ಆಳದ ನೀರಿನ ಒತ್ತಡಕ್ಕೆ ಸರಿಹೊಂದುವಷ್ಟು ಗಾಳಿಯನ್ನು ಬಿಡುತ್ತದೆ. 1943ರಲ್ಲಿ ಫ್ರಾನ್ಸಿನ ಜಾಕ್ ಕುಸ್ಟೊ ಮತ್ತು ಎಮಿಲ್ ಗಾನ್ಯಾನ್ ಇದನ್ನು ರೂಪಿಸಿದರು. ಆದರೆ ಗಣಿಯೂರಿನವನಾದ ನನಗೆ ಅದಕ್ಕಿಂತ ಹಳೆಯ ಕಥೆಯೇ ಹೆಚ್ಚು ಹತ್ತಿರದ್ದು. ಉಸಿರನ್ನು ಬೆನ್ನ ಮೇಲೆ ಹೊತ್ತು ಇಳಿಯುವ ಉಪಕರಣವನ್ನು 1870ರ ದಶಕದ ಕೊನೆಗೆ ಇಂಗ್ಲೆಂಡಿನ ಹೆನ್ರಿ ಫ್ಲೂಸ್ ಮಾಡಿದ. 1880ರಲ್ಲಿ, ನೀರು ತುಂಬಿದ್ದ ಸೆವರ್ನ್ ನದಿಯಡಿಯ ರೈಲು ಸುರಂಗದಲ್ಲಿ ಅಲೆಕ್ಸಾಂಡರ್ ಲ್ಯಾಂಬರ್ಟ್ ಎಂಬ ಮುಳುಗುಗಾರ ಅದನ್ನು ತೊಟ್ಟು, ಕತ್ತಲ ನೀರಿನಲ್ಲಿ ಸಾವಿರ ಅಡಿಯಷ್ಟು ಒಳಗೆ ನಡೆದು ಕಬ್ಬಿಣದ ಬಾಗಿಲು ಮುಚ್ಚಿ ಬಂದ. ಅದೇ ಉಪಕರಣ ಮುಂದೆ ಸುಧಾರಿಸಿ ‘ಪ್ರೋಟೊ’ ಎಂಬ ಹೆಸರಿನಲ್ಲಿ ಲೋಕದ ಎಷ್ಟೋ ಗಣಿಗಳಿಗೆ ಹೋಯಿತು. ಹೊಗೆ, ವಿಷಗಾಳಿ ತುಂಬಿದ ಸುರಂಗಗಳಿಗೆ ನುಗ್ಗಿ ಸಿಕ್ಕಿಬಿದ್ದವರನ್ನು ಎಳೆತರುವ ರಕ್ಷಣಾ ತಂಡಗಳ ಬೆನ್ನ ಮೇಲೆ ಅದಿರುತ್ತಿತ್ತು. ಮುಳುಗುಗಾರನೂ ಗಣಿಯ ರಕ್ಷಕನೂ ಒಂದೇ ಮನೆತನದ ಉಪಕರಣದಿಂದ ಉಸಿರಾಡಿದವರು. ಆ ಭಾರ ಬೆನ್ನಿಗೇರಿದ ಕ್ಷಣದಲ್ಲಿ ನನಗೆ ಅವರ ಬಗ್ಗೆ ಗೌರವ ಉಕ್ಕಿತು.

ಹಿಂದಕ್ಕೆ ಬಾಗಿ ಬೆನ್ನಡಿಯಾಗಿ ಬೀಳಬೇಕು. ಬಿದ್ದೆ. ಆಕಾಶ ತಲೆಕೆಳಗಾಯಿತು, ಕಿವಿಯಲ್ಲಿ ಗುಳುಗುಳು, ಮಾಸ್ಕಿನ ಗಾಜಿನ ಮೇಲೆ ಬಿಳಿ ನೊರೆ. ಗುರುಗಳ ಕೈ ಹೆಗಲ ಪಟ್ಟಿ ಹಿಡಿದಿತ್ತು. ಲಂಗರಿನ ಹಗ್ಗದ ಗುಂಟ ಒಂದೊಂದು ಮೊಳ ಇಳಿಯುತ್ತ ಹೋದೆವು.

ನಾಲ್ಕೈದು ಅಡಿಗೇ ಕಿವಿ ಹಿಡಿಯಿತು. ಮೂಗು ಒತ್ತಿ ಊದಿದೆ, ಟಕ್ ಎಂದು ಬಿಟ್ಟಿತು. ಮತ್ತೆ ಇಳಿದೆವು, ಮತ್ತೆ ಹಿಡಿಯಿತು. ಕೇಜ್ ಇಳಿಯುವಾಗ ಕಿವಿ ಕಟ್ಟಿಕೊಳ್ಳುತ್ತದೆ ಎಂದು ಅಪ್ಪ ಹೇಳುತ್ತಿದ್ದರು. ಎಂಜಲು ನುಂಗಿದರೆ ಸರಿಹೋಗುತ್ತದೆ ಎನ್ನುತ್ತಿದ್ದರು. ಚಾಂಪಿಯನ್ ರೀಫ್ಸ್ ಗಣಿಯ ಆಳ 3 ಕಿಲೋಮೀಟರ್ ಮೀರಿತ್ತು. ನಮ್ಮೂರು ಸಮುದ್ರಮಟ್ಟಕ್ಕಿಂತ 800 ಮೀಟರಿಗೂ ಎತ್ತರದಲ್ಲಿದೆ. ಅಂದರೆ ಒಂದು ಲೋಟ ನೀರಿಗೂ ಪರದಾಡುವ ಊರಿನ ಜನ, ಈ ಅರಬ್ಬಿ ಸಮುದ್ರದ ಮೇಲ್ಮೈಗಿಂತ 2 ಕಿಲೋಮೀಟರಿಗೂ ಹೆಚ್ಚು ಕೆಳಗೆ ನಿಂತು ದಿನಗೂಲಿ ಮಾಡಿದ್ದಾರೆ. ಆದರೆ ಗಾಳಿ ಹಗುರ, ನೀರು ಭಾರ. ನೀರಿನಲ್ಲಿ ಪ್ರತಿ 10 ಮೀಟರಿಗೆ ಒಂದು ವಾತಾವರಣದಷ್ಟು ಒತ್ತಡ ಕೂಡುತ್ತದೆ. ಲೆಕ್ಕ ಹಾಕಿದರೆ, ಅಷ್ಟು ಆಳದ ಶಾಫ್ಟಿನ ಉದ್ದಕ್ಕೂ ಕಿವಿಯ ಮೇಲೆ ಏರುತ್ತಿದ್ದ ಒತ್ತಡ ಸಮುದ್ರದಲ್ಲಿ ನಾಲ್ಕು ಮೀಟರ್ ಆಸುಪಾಸು ಇಳಿದರೆ ಸಿಕ್ಕಿಬಿಡುತ್ತದೆ. ಅಲ್ಲಿಂದಾಚೆ ನಮ್ಮ ಕಿವಿಗಳು ಅಪ್ಪಂದಿರ ಕಿವಿಗಳಿಗೆ ಗೊತ್ತಿಲ್ಲದ ಜಾಗಕ್ಕೆ ಇಳಿದವು.

ಕೆಳಗೆ ಬಂಡೆಯ ಬುಡ ಕಂಡಿತು.

ಮೊದಲು ತಿಳಿಯುವುದು ಸದ್ದು. ನೀರೊಳಗೆ ಮೌನವಿರುತ್ತದೆ ಎಂದುಕೊಂಡಿದ್ದೆ. ನನ್ನದೇ ಉಸಿರು ಎಳೆಯುವಾಗ ಸುಯ್, ಬಿಡುವಾಗ ಗುಳ್ಳೆಗಳ ಗಡಗಡ. ಅದರ ನಡುವೆ ಬಂಡೆಯ ಕಡೆಯಿಂದ ಬಿಡದೆ ಚಿಟಿಚಿಟಿ ಸದ್ದು. ಸಿಗಡಿ ಜಾತಿಯ ಪುಟ್ಟ ಜೀವಿಗಳು ಕೊಂಡಿ ಮಿಡಿಯುವ ಸದ್ದದು, ಒಗ್ಗರಣೆಗೆ ಬಿದ್ದ ಸಾಸಿವೆಯಂತೆ. ನೀರಿನಲ್ಲಿ ಸದ್ದು ಗಾಳಿಗಿಂತ ನಾಲ್ಕು ಪಟ್ಟಿಗೂ ವೇಗವಾಗಿ ಸಾಗುವುದರಿಂದ ಅದು ಎಡದಿಂದ ಬಂತೋ ಬಲದಿಂದಲೋ ತಿಳಿಯುವುದಿಲ್ಲ. ಎಲ್ಲ ಕಡೆಯಿಂದಲೂ ಬರುತ್ತಿರುತ್ತದೆ.

ಆಮೇಲೆ ಬಣ್ಣ. ಬಂಡೆಯ ಮೈತುಂಬ ಹವಳ: ಕಂದು, ತಿಳಿ ಹಳದಿ, ಮಾಸಲು ಹಸಿರು. ಹಳದಿ ಪಟ್ಟೆಯ ಚಿಟ್ಟೆಮೀನುಗಳು ಜೋಡಿಜೋಡಿಯಾಗಿ ಸುಳಿಯುತ್ತವೆ. ಗಿಳಿಮೀನೊಂದು ಬಂಡೆಯನ್ನು ಕೊಕ್ಕಿನಂಥ ಬಾಯಿಯಿಂದ ಕೆರೆಯುತ್ತಿದೆ, ಆ ಕೆರೆತವೂ ಕಿವಿಗೆ ಬೀಳುತ್ತದೆ. ಬಿರುಕಿನೊಳಗಿಂದ ಮುರುಮೀನು ಅರ್ಧ ಮುಖ ತೋರಿಸಿ ನಿಂತಿದೆ, ನಾವು ದಾಟುವವರೆಗೂ ಹೊರಬರುವುದಿಲ್ಲ. ನೀರು ಮತ್ತು ಗಾಜು ಸೇರಿ ಎಲ್ಲವನ್ನೂ ಮೂರನೇ ಒಂದು ಪಾಲಿನಷ್ಟು ದೊಡ್ಡದು ಮಾಡುತ್ತವೆ; ಮುಟ್ಟಲು ಕೈ ಚಾಚಿದರೆ ಮೀನು ಇನ್ನೂ ದೂರವೇ ಇರುತ್ತದೆ. ಹವಳ ಮುಟ್ಟಬಾರದೆಂದು ಮೊದಲೇ ಹೇಳಿದ್ದರು. ಅದು ಜೀವಿ, ಒಂದು ಒರಸಿಗೆ ವರ್ಷಗಳ ಬೆಳವಣಿಗೆ ಉದುರಿಹೋಗುತ್ತದೆ. ಇದನ್ನು ಕಟ್ಟುನಿಟ್ಟಾಗಿ ಹೇಳುವ ಗುರುಗಳು ಸಿಕ್ಕಿದ್ದು ನಮ್ಮ ಭಾಗ್ಯ.

ನನ್ನ ಪಕ್ಕದಲ್ಲಿ ಇಳಿದ ಹುಡುಗಿಯ ಮಣಿಕಟ್ಟಿನಲ್ಲಿ ಕಮ್ಮಸಂದ್ರದ ಕೋಟಿಲಿಂಗೇಶ್ವರದಲ್ಲಿ ಕಟ್ಟಿಸಿಕೊಂಡ ದಾರವಿತ್ತು. ದೋಣಿಯಲ್ಲಿ ಕಡುಕೆಂಪಾಗಿದ್ದದ್ದು ಕೆಳಗೆ ಕಪ್ಪುಕಂದಾಗಿ ಕಂಡಿತು. ನೀರು ಮೊದಲು ನುಂಗುವ ಬಣ್ಣ ಕೆಂಪು. ಅವಳೂ ಅದನ್ನು ಗಮನಿಸಿ, ಕೈಯನ್ನು ಮಾಸ್ಕಿನ ಹತ್ತಿರ ತಂದು ತಿರುಗಿಸಿ ತಿರುಗಿಸಿ ನೋಡಿದಳು. ಸ್ವಲ್ಪ ಹೊತ್ತಿಗೆ ಅವಳ ಭುಜಗಳ ಬಿಗಿ ಸಡಿಲವಾಯಿತು. ಕಾಲು ಬಡಿಯುವುದನ್ನು ನಿಲ್ಲಿಸಿದಳು. ತೂಕವಿಲ್ಲದೆ, ಅತ್ತ ಏರದೆ ಇತ್ತ ಮುಳುಗದೆ, ಬೆಳ್ಳಿಮೀನಿನ ಹಿಂಡೊಂದರ ನಡುವೆ ತೇಲುತ್ತ ನಿಂತಳು. ಹಿಂಡು ಒಡೆದು ಅವಳ ಎರಡು ಬದಿಗೂ ಹರಿದು, ಹಿಂದೆ ಮತ್ತೆ ಕೂಡಿಕೊಂಡಿತು.

ನನ್ನ ಎದೆ ತುಂಬಿ ಬಂದದ್ದು ಆಗ. ನಮ್ಮೂರಿನಲ್ಲಿ ಕೆಳಗಿಳಿಯುವುದೆಂದರೆ ಹೊಟ್ಟೆಪಾಡು. ಆಳದಲ್ಲಿ ಬಂಡೆಯ ಶಾಖ 60 ಡಿಗ್ರಿ ಮೀರುತ್ತಿತ್ತು; ಯಾವ ಗಳಿಗೆಯಲ್ಲಾದರೂ ರಾಕ್‌ಬರ್ಸ್ಟ್ ಆಗಿ ಗೋಡೆಯೇ ಸಿಡಿಯಬಹುದಿತ್ತು; ಕಲ್ಲಿನ ಧೂಳು ಶ್ವಾಸಕೋಶದಲ್ಲಿ ಕೂತು ಸಿಲಿಕೋಸಿಸ್ ಆಗುತ್ತಿತ್ತು. ಲೈನ್ ಮನೆಗಳ ಹೆಂಗಸರು ಶಿಫ್ಟ್ ಮುಗಿಯುವ ಸೈರನ್ ಕೇಳುವವರೆಗೂ ಕಿವಿಯನ್ನು ಹೊರಗಿಟ್ಟುಕೊಂಡೇ ಅಡಿಗೆ ಮಾಡುತ್ತಿದ್ದರು. ಕುತೂಹಲಕ್ಕಾಗಿ ಇಳಿದವರೂ ಇದ್ದರು: ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನ್, ಇಂಗ್ಲೆಂಡಿನವರ ಜೊತೆಗೂಡಿ 2 ಕಿಲೋಮೀಟರಿಗೂ ಕೆಳಗೆ ಯಂತ್ರಗಳನ್ನಿಟ್ಟು, 1965ರಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಗುರುತು ಹಿಡಿದರು. ಗಣಿಯವರ ಮಕ್ಕಳಿಗೆ ಮಾತ್ರ ಆಳವನ್ನು ನೋಡಲಿಕ್ಕೆಂದೇ ಇಳಿಯುವ ಅವಕಾಶ ಸಿಕ್ಕಿರಲಿಲ್ಲ. ಈ ಹುಡುಗಿ ತನ್ನ ದುಡ್ಡು ಕೊಟ್ಟು, ತನ್ನ ಇಷ್ಟದಿಂದ ಇಳಿದಿದ್ದಾಳೆ. ಅವಳ ಮೈ ಸುತ್ತ ಇರುವುದು ಬೆಚ್ಚನೆಯ ತಿಳಿನೀರು, ಬಾಯಲ್ಲಿ ಶುದ್ಧ ಗಾಳಿ, ಹೆಗಲ ಮೇಲೆ ತಿಳಿದವರ ಕೈ. ಇದು ಐಷಾರಾಮ ಎನ್ನುವವರ ಜೊತೆ ನಾನು ವಾದಿಸುತ್ತೇನೆ. ಇದು ಅವಳ ಹಕ್ಕಿನದು.

ಗೇಜಿನ ಮುಳ್ಳು ಇಳಿದಿತ್ತು. ಗುರುಗಳು ಹೆಬ್ಬೆರಳು ಎತ್ತಿದರು. ಏರುವುದಕ್ಕೂ ನಿಯಮವಿದೆ: ನಮ್ಮ ಉಸಿರಿನ ಸಣ್ಣ ಗುಳ್ಳೆಗಳನ್ನು ಹಿಂದೆ ಹಾಕುವಷ್ಟು ಬೇಗ ಏರಬಾರದು. 10 ಮೀಟರಿನಲ್ಲಿ ಎಳೆದ ಒಂದು ಎದೆ ಗಾಳಿ ಮೇಲೆ ಬಂದಾಗ ಎರಡು ಎದೆಯಷ್ಟಾಗುತ್ತದೆ. ಉಸಿರು ಕಟ್ಟಿದರೆ ಶ್ವಾಸಕೋಶ ಬಿರಿಯಬಹುದು. ಆಳಕ್ಕೆ ಹೋಗಿ ಬಹಳ ಹೊತ್ತು ಇರುವವರಿಗೆ ರಕ್ತದಲ್ಲಿ ಕರಗಿದ ಸಾರಜನಕದ ಚಿಂತೆಯೂ ಇರುತ್ತದೆ. ಆದ್ದರಿಂದಲೇ ಮೊದಲ ಸಲದವರನ್ನು 12 ಮೀಟರ್ ದಾಟಿಸುವುದಿಲ್ಲ. ಆಸ್ತಮಾ, ಹೃದಯದ ತೊಂದರೆ, ಕಿವಿನೋವು ಇದ್ದವರು ಫಾರಂ ತುಂಬುವಾಗಲೇ ಹೇಳಿಬಿಡಬೇಕು. ಮಳೆಗಾಲದಲ್ಲಿ ದೋಣಿಯೇ ಹೊರಡುವುದಿಲ್ಲ. ಅಕ್ಟೋಬರಿನಿಂದ ಮೇ ತಿಂಗಳವರೆಗೆ ಮಾತ್ರ.

ತಲೆ ನೀರಿನಿಂದ ಹೊರಬಂದದ್ದೇ ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು, ತಮಿಳು ಕನ್ನಡ ಎರಡರಲ್ಲೂ. ಬಾಯಿ ಒಣಗಿತ್ತು, ಸಿಲಿಂಡರಿನ ಗಾಳಿಯಲ್ಲಿ ತೇವವಿರುವುದಿಲ್ಲ. ನೀರು ಕುಡಿದು, ಬಿಸ್ಕತ್ತು ತಿಂದು, ಇನ್ನೂ ಇಳಿಯದವರಿಗೆ ಧೈರ್ಯ ಹೇಳಿದರು. ದೋಣಿ ತಿರುಗಿ ಮುರುಡೇಶ್ವರ ಹತ್ತಿರವಾದಾಗ ಫೋನುಗಳಿಗೆ ಸಿಗ್ನಲ್ ಬಂತು. ಕೆಂಪು ದಾರದ ಹುಡುಗಿ ತಾತನಿಗೆ ಕರೆ ಮಾಡಿದಳು. ಆತ ಚಾಂಪಿಯನ್ ರೀಫ್ಸ್‌ನಲ್ಲಿ ಕೆಲಸ ಮಾಡಿದವರು. ಸ್ಪೀಕರಿನಲ್ಲಿ ದನಿ ಕೇಳುತ್ತಿತ್ತು.

‘ಎಷ್ಟು ಅಡಿ?’

‘ಮೂವತ್ತು ಇರಬೇಕು ತಾತಾ.’

‘ಮೇಲೆ ಬರೋಕೆ ಬೆಲ್ ಯಾರು ಹೊಡೆದ್ರು?’

ಗಂಟೆಯ ಎಣಿಕೆ ಕೇಳಿಸಿಕೊಂಡೇ ಎಂಜಿನ್ ಮನೆಯವನು ಕೇಜ್ ಎತ್ತುತ್ತಿದ್ದ ಕಾಲದವರಿಗೆ ಅದೇ ಮುಖ್ಯ ಪ್ರಶ್ನೆ. ಬೆಲ್ ಇಲ್ಲ, ಹೆಬ್ಬೆರಳು ತೋರಿಸಬೇಕು ಎಂದು ಅವಳು ವಿವರಿಸಿದಳು. ಗುರುಗಳು ಎಲ್ಲಿದ್ದರು, ಹಗ್ಗ ಎಲ್ಲಿತ್ತು, ಗಾಳಿ ಮುಗಿದರೆ ಏನು ಏರ್ಪಾಡು ಎಂದು ಆತ ಒಂದೊಂದೇ ಕೇಳಿದರು. ಗುರುಗಳ ಬಳಿ ಎರಡನೇ ರೆಗ್ಯುಲೇಟರ್ ಇರುತ್ತದೆ ಎಂದಾಗ, ‘ಆಗಲಿ, ಹಾಗಾದ್ರೆ ಸರಿ’ ಎಂದರು.

‘ನಿನ್ನ ತಂಗಿ ಕೇಳ್ತಿದ್ದಾಳೆ, ಮುಂದಿನ ಸಲ ಅವಳನ್ನೂ ಕರ್ಕೊಂಡು ಹೋಗ್ತೀಯಾ ಅಂತ.’

‘ಮೊದಲು ಅವಳ ಕಿವಿ ಡಾಕ್ಟರ್‌ಗೆ ತೋರಿಸು ತಾತಾ, ಆಮೇಲೆ ದುಡ್ಡು ಕೂಡಿಡೋಣ’ ಎಂದಳು ಅವಳು, ಒದ್ದೆ ಕೂದಲು ಹಿಂಡುತ್ತ.